ಪದ ಪರಿಚಯ: ಮ್ಯಾಗ್ನೆಟೊ

ಮನೆಯ ಸ್ವಿಚ್ಚಿನ ತಂತಿ ತುಂಡಾದರೆ ದೀಪ ಹೊತ್ತುವುದಿಲ್ಲ. ಹುಲ್ಲು ಕತ್ತರಿಸುವ ಯಂತ್ರದ ಸ್ವಿಚ್ಚಿನ ತಂತಿ ತುಂಡಾದರೆ ಎಂಜಿನ್ ನಿಲ್ಲುವುದೇ ಇಲ್ಲ! ಈ ಉಲ್ಟಾ ಲೆಕ್ಕ ತಿಳಿಯದೆ ಸಣ್ಣ ಎಂಜಿನ್ನಿನ ಮೈ ಬಿಚ್ಚಿದವರು ಚೆನ್ನಾಗಿರುವ ಭಾಗಗಳನ್ನೆಲ್ಲ ಬದಲಿಸಿ, ಕೆಟ್ಟದ್ದನ್ನು ಅಲ್ಲೇ ಬಿಟ್ಟಿರುತ್ತಾರೆ. ನಾನೂ ಆ ಪೈಕಿ ಒಬ್ಬ. ಲೆಕ್ಕದ ಮೂಲ ಇರುವುದು ಮ್ಯಾಗ್ನೆಟೊ ಎಂಬ ಪದದಲ್ಲಿ.

ಮ್ಯಾಗ್ನೆಟೊ ಎಂದರೆ ತಂತಿ ಸುತ್ತಿದ ಸುರುಳಿಯಾದ ಕಾಯಿಲ್‌ನ ಪಕ್ಕದಲ್ಲಿ ಅಯಸ್ಕಾಂತವನ್ನು ಓಡಿಸಿ, ಪೆಟ್ರೋಲ್ ಹೊತ್ತಿಸುವ ಕಿಡಿಗೆ ಬೇಕಾದ ವಿದ್ಯುತ್ತನ್ನು ಅಲ್ಲಿಯೇ ಹುಟ್ಟಿಸುವ ಏರ್ಪಾಡು. ಬ್ಯಾಟರಿಯ ಹಂಗಿಲ್ಲ. ಹೀಗೆ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಮೈಕೆಲ್ ಫ್ಯಾರಡೆ ತೋರಿಸಿದ್ದು 1831ರಲ್ಲಿ. ಎಂಜಿನ್ನಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗಿಗೆ ನೇರವಾಗಿ ಹೆಚ್ಚು ವೋಲ್ಟೇಜ್ ಕೊಡಬಲ್ಲ ಮ್ಯಾಗ್ನೆಟೊವನ್ನು ರಾಬರ್ಟ್ ಬಾಷ್ ಅವರ ಕಾರ್ಖಾನೆಯ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ ರೂಪಿಸಿ, ಅದಕ್ಕೆ 1902ರಲ್ಲಿ ಪೇಟೆಂಟ್ ದೊರೆಯಿತು. ಕಾರುಗಳು ಬ್ಯಾಟರಿಗೆ ಒಲಿದ ಮೇಲೂ ಹುಲ್ಲು ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸ, ಪೆಟ್ರೋಲ್ ಎಂಜಿನ್ನಿನ ಪಂಪ್‌ಸೆಟ್, ಸಣ್ಣ ಜನರೇಟರ್ ಇವೆಲ್ಲ ಮ್ಯಾಗ್ನೆಟೊವನ್ನು ಬಿಟ್ಟುಕೊಟ್ಟಿಲ್ಲ. ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಲ್ಲಂತೂ ಸಾಮಾನ್ಯವಾಗಿ ಎರಡೆರಡು ಇರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು.

ಎಂಜಿನ್ನಿನ ಮೇಲಿನ ಹೊದಿಕೆ ತೆಗೆದರೆ ಇಡೀ ಮ್ಯಾಗ್ನೆಟೊ ಕಣ್ಣಿಗೆ ಬೀಳುತ್ತದೆ. ಎಂಜಿನ್ನಿನ ಶಾಫ್ಟಿನೊಡನೆ ತಿರುಗುವ ಭಾರದ ಚಕ್ರವಾದ ಫ್ಲೈವೀಲ್‌ನ ಅಂಚಿನಲ್ಲಿ ಅಯಸ್ಕಾಂತ ಹುದುಗಿದೆ. ಅದರ ಮಗ್ಗುಲಲ್ಲೇ, ಕಬ್ಬಿಣದ ತೆಳು ಹಾಳೆಗಳನ್ನು ಪೇರಿಸಿ ಮಾಡಿದ ಕಾಲುಗಳ ಮೇಲೆ ಕಾಯಿಲ್ ಕುಳಿತಿದೆ. ಅದರೊಳಗೆ ಎರಡು ಸುರುಳಿ: ತುಸು ದಪ್ಪ ತಂತಿಯದು ಕಡಿಮೆ ಸುತ್ತು, ಕೂದಲೆಳೆಯಂಥ ತಂತಿಯದು ಸಾವಿರಾರು ಸುತ್ತು. ಅಯಸ್ಕಾಂತ ಹಾದುಹೋಗುವಾಗ ದಪ್ಪ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ. ಅದು ಏರಿ ನಿಂತ ಗಳಿಗೆಯಲ್ಲಿ ಯಾರೋ ಅದನ್ನು ಫಕ್ಕನೆ ಕಡಿಯಬೇಕು. ಕಡಿದ ಕ್ಷಣವೇ ಕಾಂತಕ್ಷೇತ್ರ ಕುಸಿದು, ಸಣ್ಣ ತಂತಿಯಲ್ಲಿ ಹತ್ತು ಸಾವಿರ ವೋಲ್ಟ್ ದಾಟಿ ಒತ್ತಡ ಹುಟ್ಟಿ, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಹಳೆಯ ಎಂಜಿನ್‌ಗಳಲ್ಲಿ ಕಡಿಯುವ ಕೆಲಸ ತಾಗಿ ಬಿಡುವ ಲೋಹದ ತುದಿಗಳಾದ ಪಾಯಿಂಟ್ ಮತ್ತು ಅವುಗಳ ನಡುವೆ ಕಿಡಿ ಏಳದಂತೆ ತಡೆಯುವ ಕಂಡೆನ್ಸರ್ ಜೋಡಿಯದು. ಈಗಿನವುಗಳಲ್ಲಿ ಕಾಯಿಲ್‌ನೊಳಗೇ ಅಡಗಿದ, ಎಲೆಕ್ಟ್ರಾನಿಕ್ ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ನದು.

ಸ್ವಿಚ್ಚಿನ ಒಗಟು ಬಿಡುವುದು ಇಲ್ಲಿಯೇ. ದಪ್ಪ ತಂತಿಯ ಸುರುಳಿಯಿಂದ ಒಂದು ತೆಳ್ಳನೆಯ ವೈರು ಹೊರಟು ಸ್ವಿಚ್ಚಿಗೆ ಹೋಗುತ್ತದೆ. ಎಂಜಿನ್ ನಿಲ್ಲಿಸಿದಾಗ ಸ್ವಿಚ್ ಈ ವೈರನ್ನು ಎಂಜಿನ್ನಿನ ಲೋಹದ ಮೈಗೆ ಸೇರಿಸುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ, ಅರ್ತ್ ಮಾಡುತ್ತದೆ. ಆಗ ಪಾಯಿಂಟ್ ಬಿಟ್ಟರೂ ವಿದ್ಯುತ್ತಿಗೆ ಬಳಸುದಾರಿ ಉಂಟು, ಕಡಿತ ಆಗುವುದೇ ಇಲ್ಲ. ಕಡಿತವಿಲ್ಲದಿದ್ದರೆ ಕಿಡಿಯಿಲ್ಲ. ಹಾಗಾಗಿ ಆ ವೈರು ಎಲ್ಲಿಯೇ ಸಿಪ್ಪೆ ಸುಲಿದು ಲೋಹಕ್ಕೆ ತಾಗಿದರೂ ಸ್ವಿಚ್ 'ಆಫ್' ಆದಂತೆಯೇ ಲೆಕ್ಕ. ವೈರು ತುಂಡಾದರೋ, ಬಳಸುದಾರಿಯೇ ಇಲ್ಲದೆ ಎಂಜಿನ್ ಓಡುತ್ತಲೇ ಇರುತ್ತದೆ.

ನನ್ನ ಯಂತ್ರದಲ್ಲಿ ಆದದ್ದು ಇದೇ. ಪ್ಲಗ್ ಹೊಸದು ಹಾಕಿದೆ, ಕಾಯಿಲ್ ಹೊಸದು ಹಾಕಿದೆ, ಕಿಡಿ ಇಲ್ಲ. ಮೂರನೆಯ ಬಾರಿ ಹೊದಿಕೆ ತೆಗೆದಾಗ ಅದರ ಅಂಚಿನಡಿ ಆ ಕಪ್ಪು ವೈರು ಒತ್ತಿಕೊಂಡು, ಅಕ್ಕಿಕಾಳಿನಷ್ಟು ಜಾಗದಲ್ಲಿ ತಾಮ್ರ ಮಿನುಗುತ್ತಿತ್ತು. ಹಿಂದಿನ ಸಲ ಹೊದಿಕೆ ಮುಚ್ಚಿದವನು ನಾನೇ ಆದ್ದರಿಂದ ಬೈಯಲು ಬೇರೆ ಯಾರೂ ಸಿಗಲಿಲ್ಲ.

ಆದ್ದರಿಂದ ಕಿಡಿ ಇಲ್ಲವೆಂದಾಗ ಕಾಯಿಲ್ ಕೊಳ್ಳುವ ಮೊದಲು ಆ ವೈರನ್ನು ಕಾಯಿಲ್‌ನ ಬಳಿಯೇ ಕಳಚಿ ಪರೀಕ್ಷಿಸಬೇಕು. ಕಿಡಿ ಬಂತೆಂದರೆ ಕಾಯಿಲ್ ನಿರಪರಾಧಿ; ತಪ್ಪು ವೈರಿನದು, ಸ್ವಿಚ್ಚಿನದು ಅಥವಾ ಕೈಬಿಟ್ಟರೆ ಎಂಜಿನ್ ನಿಲ್ಲಿಸುವ ಸುರಕ್ಷತಾ ಹಿಡಿಯದು. ಆಯಿಲ್ ಕಡಿಮೆಯಾದರೆ ಎಂಜಿನ್ ನಿಲ್ಲಿಸುವ ಸೆನ್ಸರ್ ಇರುವ ಕಡೆ ಅದೂ ಇದೇ ವೈರನ್ನು ಅರ್ತ್ ಮಾಡುವುದರಿಂದ, ಎಲ್ಲಕ್ಕಿಂತ ಮೊದಲು ಆಯಿಲ್ ನೋಡುವುದು ಜಾಣತನ. ಒಂದು ಎಚ್ಚರ: ವೈರು ಕಳಚಿದ ಎಂಜಿನ್ ಚಾಲೂ ಆದರೆ ಸ್ವಿಚ್ಚಿನಿಂದ ನಿಲ್ಲದು. ಹಾಗಾಗಿ ಈ ಪರೀಕ್ಷೆಯನ್ನು ಪ್ಲಗ್ ಬಿಚ್ಚಿಟ್ಟೇ ಮಾಡಬೇಕು.

ಪರೀಕ್ಷೆ ಎಲ್ಲರಿಗೂ ಗೊತ್ತಿರುವುದೇ. ಬಿಚ್ಚಿದ ಪ್ಲಗ್ಗಿಗೆ ಕಾಯಿಲ್ ಕಡೆಯಿಂದ ಬರುವ ದಪ್ಪ ವೈರಿನ ಕ್ಯಾಪ್ ಸಿಕ್ಕಿಸಿ, ಪ್ಲಗ್ಗಿನ ತಿರುಪಿನ ಲೋಹದ ಭಾಗವನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ, ಎಂಜಿನ್ ಚಾಲೂ ಮಾಡುವ ಹಗ್ಗ ಎಳೆಯುವುದು. ಬರಿಗೈಯಲ್ಲಿ ಹಿಡಿಯಬೇಡಿ. ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಕಿಡಿಯನ್ನು ಅದರಿಂದ ದೂರ ಇಡಿ. ಆದರೆ ಹೊರಗೆ ಕಿಡಿ ಕಂಡಿತೆಂದು ಒಳಗೂ ಇದೆ ಎನ್ನಲಾಗದು. ಸಿಲಿಂಡರ್‌ನೊಳಗೆ ಒತ್ತಿದ ಗಾಳಿಯನ್ನು ಸೀಳಲು ಬಯಲಿನ ಗಾಳಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಸ್ಪಾರ್ಕ್ ಟೆಸ್ಟರ್ ಎಂಬ, ಕಿಡಿ ಪರೀಕ್ಷಿಸುವ ಚಿಕ್ಕ ಸಾಧನದ ಗ್ಯಾಪ್, ಅಂದರೆ ಕಿಡಿ ದಾಟುವ ಸಂದು, ಪ್ಲಗ್ಗಿನದಕ್ಕಿಂತ ಹಲವು ಪಟ್ಟು ದೊಡ್ಡದಾಗಿರುವುದು ಈ ಕಾರಣಕ್ಕೆ. ಅಲ್ಲಿ ದಾಟಿದ ಕಿಡಿಯನ್ನು ನಂಬಬಹುದು. ಹಗ್ಗವನ್ನು ಜೋರಾಗಿಯೇ ಎಳೆಯಬೇಕು, ಏಕೆಂದರೆ ಅಯಸ್ಕಾಂತದ ಓಟವೇ ಇಲ್ಲಿ ಬ್ಯಾಟರಿ.

ಪ್ಲಗ್ಗಿನ ಗ್ಯಾಪ್ ಅನೇಕ ಸಣ್ಣ ಎಂಜಿನ್‌ಗಳಲ್ಲಿ 0.7ರಿಂದ 0.8 ಮಿಲಿಮೀಟರ್, ನಿಮ್ಮದರ ಕೈಪಿಡಿ ನೋಡಿಕೊಳ್ಳಿ. ಕಾಯಿಲ್‌ಗೂ ಫ್ಲೈವೀಲ್‌ಗೂ ನಡುವಿನ ಸಂದು ಇನ್ನೂ ಕಿರಿದು, ಅನೇಕ ಕಡೆ 0.25ರಿಂದ 0.35 ಮಿಲಿಮೀಟರ್. ಇದನ್ನು ಹೊಂದಿಸುವ ಉಪಾಯ ಮಾತ್ರ ಸೊಗಸಾದದ್ದು. ಕಾಯಿಲ್‌ನ ಎರಡು ಸ್ಕ್ರೂ ಸಡಿಲಿಸಿ, ಅಯಸ್ಕಾಂತವನ್ನು ಅದರ ಎದುರಿಗೆ ತಂದು, ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿದರೆ ಅಯಸ್ಕಾಂತವೇ ಕಾಯಿಲನ್ನು ಟಕ್ಕೆಂದು ಎಳೆದುಕೊಳ್ಳುತ್ತದೆ. ಸ್ಕ್ರೂ ಬಿಗಿದು, ಚಕ್ರ ತಿರುಗಿಸಿ ಕಾರ್ಡ್ ಹೊರತೆಗೆದರೆ ಆಯಿತು.

ಕಾಡಿಸುವ ಇನ್ನೊಂದು ಕಾಯಿಲೆಯೆಂದರೆ ಬಿಸಿಯಾದ ಮೇಲೆ ನಿಲ್ಲುವ ಎಂಜಿನ್. ಅರ್ಧ ಗಂಟೆ ಓಡಿ ಸಾಯುತ್ತದೆ, ತಣ್ಣಗಾದರೆ ಮತ್ತೆ ಏಳುತ್ತದೆ. ಕಾಯಿಲ್ ಬಿಸಿಗೆ ಸೋಲುತ್ತಿರಬಹುದು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಗಾಳಿತೂತು ಕಟ್ಟಿಕೊಂಡರೂ ಇದೇ ಲಕ್ಷಣ. ನಿಂತ ಕೂಡಲೇ, ಚಹಾ ಕುಡಿದು ಬರುವ ಮೊದಲೇ, ಕಿಡಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಕೊನೆಯದಾಗಿ, ಕಿಡಿ ಚೆನ್ನಾಗಿದ್ದೂ ಎಂಜಿನ್ ಏಳದೆ, ಹಗ್ಗ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಹೊಡೆಯುವುದುಂಟು. ಬ್ಲೇಡು ಕಲ್ಲಿಗೋ ಬೇರಿಗೋ ಬಡಿದ ಮರುದಿನ ಹೀಗಾದರೆ ಫ್ಲೈವೀಲ್ ಬಿಚ್ಚಿ ಅದರ ಕೀ ನೋಡಬೇಕು. ಫ್ಲೈವೀಲ್ ಶಾಫ್ಟಿನ ಮೇಲೆ ಎಲ್ಲಿ ಕೂರಬೇಕೆಂದು ಹೇಳುವ ಈ ಪುಟ್ಟ ತುಂಡನ್ನು ಅನೇಕ ತಯಾರಕರು ಬೇಕೆಂದೇ ಮೆದು ಲೋಹದಲ್ಲಿ ಮಾಡುತ್ತಾರೆ. ಅದು ಜರಿದರೆ ಅಯಸ್ಕಾಂತ ಕಾಯಿಲ್‌ನ ಮುಂದೆ ಹೊತ್ತಲ್ಲದ ಹೊತ್ತಿನಲ್ಲಿ ಹಾಯುತ್ತದೆ, ಕಿಡಿಯೂ ಹಾಗೆಯೇ. ಜರಿದ ಕೀ ಎಷ್ಟೋ ಬಾರಿ ಎರಡು ತುಂಡಾಗಿರುವುದೂ ಇಲ್ಲ. ನಡುವೆ ಉಗುರು ತಾಗುವಷ್ಟು ಒಂದು ಮೆಟ್ಟಿಲು ಮೂಡಿರುತ್ತದೆ, ಅಷ್ಟೇ.