16 ಕಿಲೋ 48 ಆಗುವ ಲೆಕ್ಕ

ಕೆಟಲ್‌ಬೆಲ್ ಎಂದರೆ ಮೇಲೆ ಹಿಡಿಯಿರುವ ಕಬ್ಬಿಣದ ಗುಂಡು, ಅದನ್ನು ತೊಡೆಗಳ ನಡುವಿನಿಂದ ಎದೆಮಟ್ಟಕ್ಕೆ ಬೀಸುವುದೇ ಸ್ವಿಂಗ್. ಇದು ತೋಳಿನ ವ್ಯಾಯಾಮ ಎಂದುಕೊಂಡವರು ಮುಂಬಯಿಯ ಜಿಮ್‌ಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ಗುಂಡನ್ನು ಭುಜದ ಬಲದಿಂದ ಎತ್ತುತ್ತಾರೆ, ಮರುದಿನ ಸೊಂಟ ಹಿಡಿದುಕೊಳ್ಳುತ್ತದೆ. ‘ಭಾರ ಎತ್ತಿ ಹೊಕ್ಕುಳ ಜಾರಿದೆ’ ಎಂದು ಮನೆಯ ಹಿರಿಯರು ತೀರ್ಪು ಕೊಟ್ಟು, ಉಜ್ಜಿ ಕೂರಿಸುವವರ ವಿಳಾಸ ಹುಡುಕುತ್ತಾರೆ. ಹೊಕ್ಕುಳ ಎಲ್ಲಿಗೂ ಜಾರುವುದಿಲ್ಲ, ಅದು ಬರೀ ಒಂದು ಹಳೆಯ ಗಾಯದ ಕಲೆ. ದಾರಿ ತಪ್ಪಿದ್ದು ಗುಂಡು.

ಡಂಬೆಲ್‌ನ ಭಾರದ ನಡುಬಿಂದು ಮುಷ್ಟಿಯೊಳಗೇ ಇರುತ್ತದೆ. ಕೆಟಲ್‌ಬೆಲ್‌ನಲ್ಲಿ ಅದು ಹಿಡಿಯಿಂದ ಸುಮಾರು ಅರ್ಧ ಅಡಿ ದೂರ. ಹಾಗಾಗಿ ಬೀಸುವಾಗ ತೋಳು ಬರೀ ಹಗ್ಗ, ಗುಂಡು ಲೋಲಕ. ಬ್ರೇಕ್ ಬಿದ್ದಾಗ ಲೋಕಲ್ ಟ್ರೇನಿನ ಹಿಡಿಕೆಗಳು ತೂಗುವುದೂ ಹೀಗೆಯೇ. ಇನ್ನೂ ಒಳ್ಳೆಯ ಉದಾಹರಣೆ ಜೋಕಾಲಿ: ತುದಿಯಲ್ಲಿ ಮೈ ಹಗುರ, ತಳಕ್ಕೆ ಬಂದಾಗ ಹಲಗೆ ಕೆಳಗಿನಿಂದ ಒತ್ತುತ್ತದೆ. ಹಗ್ಗ ಅಡ್ಡಕ್ಕಿರುವಾಗ ಬಿಟ್ಟ ಲೋಲಕವು ತಳದಲ್ಲಿ ಹಗ್ಗವನ್ನು ತನ್ನ ತೂಕದ ಸರಿಯಾಗಿ 3 ಪಟ್ಟು ಎಳೆಯುತ್ತದೆ. ಒಂದು ಪಾಲು ಸ್ವಂತ ತೂಕ, ಉಳಿದೆರಡು ಅದನ್ನು ಬಾಗಿದ ದಾರಿಯಲ್ಲಿ ಹಿಡಿದಿಡಲು. ಹಗ್ಗ ಗಿಡ್ಡವಾದರೆ ವೇಗ ಕಡಿಮೆ, ಆದರೆ ತಿರುವು ಕಡಿದು. ಲೆಕ್ಕದಲ್ಲಿ ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಉದ್ದ ಕೈಯವರಿಗೂ ಗಿಡ್ಡ ಕೈಯವರಿಗೂ ಅದೇ ಮೂರು! ಎದೆಮಟ್ಟದಿಂದ ಇಳಿದ 16 ಕಿಲೋ ತಳದಲ್ಲಿ 48 ಕಿಲೋದ ಆಸುಪಾಸು ಜಗ್ಗುತ್ತದೆ. ಭುಜವೇನೂ ಗೋಡೆಗೆ ಹೊಡೆದ ಮೊಳೆಯಲ್ಲ, ಮೈಯೂ ಬಾಗುವುದರಿಂದ ಅಂಕಿ ಆಚೀಚೆ ಆಗುತ್ತದೆ. ಈ ಎಳೆತವನ್ನು ತಡೆದು ವಾಪಸ್ ಎಸೆಯುವ ಕೆಲಸ ಪೃಷ್ಠ ಮತ್ತು ತೊಡೆಯ ಹಿಂಬದಿ ಸ್ನಾಯುಗಳದ್ದು. ಹಗಲೆಲ್ಲ ಆಫೀಸಿನ ಕುರ್ಚಿಯಲ್ಲಿ ತೂಕಡಿಸುವವೂ ಇವೇ.

ರಷ್ಯದ ಧಾನ್ಯದ ಸಂತೆಗಳಲ್ಲಿ ಕೆಟಲ್‌ಬೆಲ್ ತೂಕದ ಕಲ್ಲಾಗಿತ್ತು. ಅಲ್ಲಿನ ಹಳೆಯ ತೂಕದ ಅಳತೆ ಪೂಡ್, ಒಂದು ಪೂಡ್ ಎಂದರೆ 16.38 ಕಿಲೋ, ಇಂದಿನ 16, 24, 32ರ ಸಾಲು ಅಲ್ಲಿಂದ ಬಂದದ್ದು. 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ವೈದ್ಯ ವ್ಲಾಡಿಸ್ಲಾವ್ ಕ್ರಾಯೆವ್ಸ್ಕಿ ಭಾರ ಎತ್ತುವವರ ಕೂಟ ಕಟ್ಟಿ ಇದಕ್ಕೆ ಮರ್ಯಾದೆ ತಂದ. ನಮ್ಮ ಗರಡಿಮನೆಯ ಗದೆಯೂ ಇದೇ ಜಾತಿ, ಭಾರ ಹಿಡಿಯಿಂದ ದೂರ.

ಕಲಿಯಬೇಕಾದದ್ದು ಬಿಜಾಗರಿಯಂತೆ ಸೊಂಟದಲ್ಲಿ ಮಡಚುವುದನ್ನು. ಗೋಡೆಗೆ ಬೆನ್ನು ಮಾಡಿ ಅರ್ಧ ಅಡಿ ಮುಂದೆ ನಿಂತು, ಮಂಡಿ ತುಸುವೇ ಸಡಿಲಿಸಿ, ಪೃಷ್ಠದಿಂದ ಗೋಡೆ ಮುಟ್ಟಿ. ಸಾಧಿಸಿದಂತೆಲ್ಲ ಮುಂದೆ ಸರಿಯಿರಿ. ಆಮೇಲೆ ಗುಂಡು. ಹೊಸಬರಲ್ಲಿ ಗಂಡಸರಿಗೆ 12ರಿಂದ 16 ಕಿಲೋ, ಹೆಂಗಸರಿಗೆ 8ರಿಂದ 12. ಅದನ್ನು ಪಾದದಿಂದ ಒಂದು ಅಡಿ ಮುಂದಿಟ್ಟು, ತೊಡೆಗಳ ನಡುವೆ ಹಿಂದಕ್ಕೆಳೆದು, ಫಟ್ಟನೆ ಎದ್ದು ನಿಲ್ಲಿ. ಗುಂಡು ತಾನಾಗಿ ಎದೆಮಟ್ಟಕ್ಕೆ ಬರುತ್ತದೆ. ಉಸಿರು ಬಿಡುವುದು ಆ ಹೊತ್ತಿಗೇ. ಮೇಲೆ ಹಿಂದಕ್ಕೆ ವಾಲಬೇಡಿ. ಇಳಿಯುವಾಗ ಮುಂಗೈ ತೊಡೆಸಂದಿಗೆ ತಾಗುವವರೆಗೆ ಬಗ್ಗದೆ ಕಾಯಿರಿ. ಮೊದಲೇ ಬಗ್ಗಿದರೆ ಗುಂಡು ಮಂಡಿಗಿಂತ ಕೆಳಗಿಳಿದು ಸೊಂಟಕ್ಕೆ ಮೀಟುಗೋಲಾಗುತ್ತದೆ, ಹಿರಿಯರ ‘ಜಾರುವ ಹೊಕ್ಕುಳ’ ಹುಟ್ಟುವುದು ಇಲ್ಲೇ. 10 ಬೀಸು, ಮಾತಾಡುವಷ್ಟು ಉಸಿರು ಬರುವವರೆಗೆ ವಿರಾಮ, ಹೀಗೆ 5 ಸುತ್ತಿನಿಂದ ಆರಂಭಿಸಿ 10ಕ್ಕೆ ಏರಿಸಿ. ವಾರಕ್ಕೆ 3 ದಿನ ಸಾಕು.

2012ರಲ್ಲಿ ಪ್ರಕಟವಾದ ಲೇಕ್ ಮತ್ತು ಲಾಡರ್ ಅಧ್ಯಯನದಲ್ಲಿ ವಾರಕ್ಕೆ ಎರಡೇ ದಿನ, 12 ನಿಮಿಷದಂತೆ 6 ವಾರ ಬೀಸಿದವರ ಕಾಲಿನ ಬಲವೂ ಜಿಗಿತದ ಶಕ್ತಿಯೂ ಹೆಚ್ಚಿದವು. ಅದೇ ವರ್ಷ ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಇನ್ನೊಂದು ಸ್ವಾರಸ್ಯ ತೋರಿಸಿದರು: ಸಾಮಾನ್ಯವಾಗಿ ಭಾರ ಎತ್ತುವಾಗ ಬೆನ್ನುಮೂಳೆಯ ಬಿಲ್ಲೆಗಳನ್ನು ಸರಿಸುವ ಬಲ ಯಾವ ದಿಕ್ಕಿಗಿರುತ್ತದೋ ಸ್ವಿಂಗ್‌ನಲ್ಲಿ ಅದಕ್ಕೆ ಉಲ್ಟಾ. ಕೆಲವರ ಬೆನ್ನಿಗೆ ಇದು ಹಿತ, ಕೆಲವರಿಗೆ ನೋವು. ಕಾಲಿಗೆ ಇಳಿಯುವ ನೋವು ಅಥವಾ ಹತೋಟಿಯಲ್ಲಿಲ್ಲದ ಬಿಪಿ ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು. ಹೊಟ್ಟೆಯ ಬೊಜ್ಜು ಮಾತ್ರ ಕರಗುತ್ತದೆ ಎಂಬುದು ಸುಳ್ಳು, ಕೊಬ್ಬು ಸ್ಥಳ ನೋಡಿ ಕರಗುವುದಿಲ್ಲ.

ಡೊಂಬಿವಲಿಯ ಒಂದು ಕೋಣೆಯ ಮನೆಗೂ ಇದು ಒಗ್ಗುತ್ತದೆ. 6 ಅಡಿ ಉದ್ದ, 6 ಅಡಿ ಅಗಲದ ಜಾಗ ಬೇಕು, ಎದುರಿಗೆ ಟಿವಿ ಇರಬಾರದು. ಟೈಲ್ಸ್ ಒಡೆಯದಂತೆ, ಕೆಳಮನೆಯವರು ಬಾಗಿಲು ತಟ್ಟದಂತೆ ದಪ್ಪ ರಬ್ಬರ್ ಮ್ಯಾಟ್ ಹಾಸಿ. ಮಳೆಗಾಲದ ಬೆವರಿಗೆ ನುಣುಪಾದ ಕ್ರೋಮ್ ಹಿಡಿ ಜಾರುತ್ತದೆ, ಪೌಡರ್ ಲೇಪನದ್ದನ್ನೇ ಕೊಳ್ಳಿ. ಬಣ್ಣ ಎದ್ದ ಕಡೆ ಸಮುದ್ರದ ಗಾಳಿಗೆ ತುಕ್ಕು ಹಿಡಿದು ಹಿಡಿ ಒರಟಾದರೆ ಅಂಗೈ ಕಿತ್ತುಬರುತ್ತದೆ: ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ಒಣಗಿಸಿಡಿ.