ಕಣ್ಣಿಗೆ ಹನಿ ಹಾಕಿದ ಮೇಲೆ ಮೊಬೈಲ್ ಯಾಕೆ ಓದೋಕಾಗಲ್ಲ?

ಪ್ರಶ್ನೆ: ನನಗೆ 38 ವರ್ಷ, ಶುಗರ್ ಇದೆ. ಕಣ್ಣಿನ ಡಾಕ್ಟರ್ ಹನಿ ಹಾಕಿ ಪರೀಕ್ಷೆ ಮಾಡಿದರು. ಆಮೇಲೆ ದೂರದ ಬೋರ್ಡು ಹೇಗೋ ಕಾಣುತ್ತಿತ್ತು, ಮೊಬೈಲ್ ಮಾತ್ರ ಪೂರ್ತಿ ಮಸುಕು. ಬಿಸಿಲಿಗೆ ಕಣ್ಣು ಬಿಡೋಕೂ ಆಗಲಿಲ್ಲ. ಇದು ಮಾಮೂಲಾ?

ಉತ್ತರ: ಮಾಮೂಲು, ಗಾಬರಿ ಬೇಡ. ಕಣ್ಣಿನ ಒಳಗೆ ಚೆನ್ನಾಗಿ ಕಾಣಲಿ ಅಂತ ಪಾಪೆಯನ್ನು ಅಗಲ ಮಾಡೋಕೆ ಆ ಹನಿ ಹಾಕುತ್ತಾರೆ.

ಕಣ್ಣಿನ ಪಾಪೆ ನಮ್ಮ ಮಾತು ಕೇಳುವುದಿಲ್ಲ. ಎದೆಬಡಿತ, ಜೊಲ್ಲು, ಬೆವರು ನೋಡಿಕೊಳ್ಳುವ ಸ್ವಯಂಚಾಲಿತ ನರವ್ಯೂಹವೇ ಅದನ್ನೂ ನಡೆಸುತ್ತದೆ. ಅದರಲ್ಲಿ ಎರಡು ಬಣ. ಪಾಪೆಯನ್ನು ದುಂಡಗೆ ಸುತ್ತಿಕೊಂಡ ಸ್ನಾಯು ಪ್ಯಾರಾಸಿಂಪಥೆಟಿಕ್ ಬಣದ್ದು. ನರಗಳು ಆದೇಶ ಕಳಿಸಲು ಬಿಡುವ ರಾಸಾಯನಿಕ ಅಸಿಟೈಲ್‌ಕೋಲಿನ್ ಸಿಕ್ಕರೆ ಅದು ಬಿಗಿಯುತ್ತದೆ, ಪಾಪೆ ಕಿರಿದಾಗುತ್ತದೆ. ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಹರಡಿರುವ ಇನ್ನೊಂದು ಸ್ನಾಯು ಸಿಂಪಥೆಟಿಕ್ ಬಣದ್ದು. ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ಅಂಥದೇ ರಾಸಾಯನಿಕ ಬಂದರೆ ಆ ಸ್ನಾಯು ಪಾಪೆಯನ್ನು ಹೊರಕ್ಕೆ ಎಳೆದು ಅಗಲ ಮಾಡುತ್ತದೆ.

ನಮ್ಮಲ್ಲಿ ಸಾಮಾನ್ಯವಾಗಿ ಹಾಕುವ ಹನಿಯಲ್ಲಿ ಎರಡು ಔಷಧಿ ಒಟ್ಟಿಗೇ ಇರುತ್ತವೆ: ಟ್ರಾಪಿಕಮೈಡ್ 0.8%, ಫಿನೈಲೆಫ್ರಿನ್ 5%. ಫಿನೈಲೆಫ್ರಿನ್ ನಾರ್‌ಅಡ್ರಿನಲಿನ್‌ನಂತೆ ನಟಿಸಿ ಪಾಪೆಯನ್ನು ಎಳೆಯುತ್ತದೆ. ಅಷ್ಟೇ ಸಾಲದಾ ಅಂತೀರಾ? ಡಾಕ್ಟರ್ ಜೋರು ಬೆಳಕು ಬಿಟ್ಟ ಕೂಡಲೇ ದುಂಡು ಸ್ನಾಯು ಮತ್ತೆ ಬಿಗಿಯುತ್ತದಲ್ವಾ! ಹಾಗಾಗಿ ಟ್ರಾಪಿಕಮೈಡ್ ಬೇಕು. ಅಸಿಟೈಲ್‌ಕೋಲಿನ್ ಕೂರುವ ಜಾಗದಲ್ಲಿ ಅದೇ ಹೋಗಿ ಕೂತುಬಿಡುತ್ತದೆ, ಆ ಸ್ನಾಯುವಿಗೆ ಆದೇಶವೇ ತಲುಪುವುದಿಲ್ಲ.

ಮೊಬೈಲ್ ಮಸುಕಾಗಿದ್ದೂ ಟ್ರಾಪಿಕಮೈಡ್‌ನಿಂದಲೇ. ಹತ್ತಿರದ್ದು ನೋಡುವಾಗ ಕಣ್ಣೊಳಗಿನ ಲೆನ್ಸ್ ಉಬ್ಬಬೇಕು. ಅದನ್ನು ಉಬ್ಬಿಸುವ ಸಿಲಿಯರಿ ಸ್ನಾಯುವೂ ಅಸಿಟೈಲ್‌ಕೋಲಿನ್ ಮಾತನ್ನೇ ಕೇಳೋದು. ನಿಮ್ಮ ತಂದೆಯವರ ವಯಸ್ಸಿನವರಿಗೆ ಈ ಮಸುಕು ಅಷ್ಟು ಗೊತ್ತಾಗಲಿಕ್ಕಿಲ್ಲ. ಅವರ ಲೆನ್ಸ್ ಹೇಗೂ ಗಟ್ಟಿಯಾಗಿ, ಓದೋಕೆ ಕನ್ನಡಕ ಬಂದಿರುತ್ತದೆ.

ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಕೆಲವರಿಗೆ ಮರುದಿನದವರೆಗೂ ಎಳೆಯಬಹುದು. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ, ತಂಪು ಕನ್ನಡಕ ಹಾಕಿಕೊಳ್ಳಿ. ಕಣ್ಣು ಕೆಂಪಾಗಿ ವಿಪರೀತ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ. ಕೆಲವರಿಗೆ ಕಣ್ಣಿನ ಒತ್ತಡ ಹಠಾತ್ತನೆ ಏರುವುದುಂಟು.

ಗಂಟಲಲ್ಲಿ ಕಹಿ ಬಂತಾ? ಹನಿ ಕಣ್ಣಿನ ಮೂಲೆಯ ಸಣ್ಣ ನಾಳದಿಂದ ಮೂಗಿಗೆ, ಅಲ್ಲಿಂದ ಗಂಟಲಿಗೆ ಇಳಿಯುತ್ತದೆ. ಮೂಗಿನ ಒಳಪೊರೆಯಿಂದ ರಕ್ತಕ್ಕೂ ಸೇರುತ್ತದೆ. ಫಿನೈಲೆಫ್ರಿನ್ ಬಿಪಿ ಏರಿಸಬಹುದು. ಆದ್ದರಿಂದ ಬಿಪಿ, ಹೃದಯದ ತೊಂದರೆ ಇರುವವರು ಮೊದಲೇ ಹೇಳಬೇಕು. ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಮೆತ್ತಗೆ ಒತ್ತಿ ಹಿಡಿದರೆ ಕಹಿಯೂ ಕಮ್ಮಿ, ರಕ್ತಕ್ಕೆ ಸೇರುವ ಔಷಧಿಯೂ ಕಮ್ಮಿ.