ಸಾವಿರದೈನೂರು ಮೀಟರು, ಒಂದು ಅಂಗೈ ಅಂತರ

ಜುಲೈ 30, 2023. ಜಪಾನಿನ ಫುಕುವೋಕದಲ್ಲಿ ನಡೆದ ವಿಶ್ವ ಈಜು ಚಾಂಪಿಯನ್‌ಶಿಪ್‌ನ ಕೊನೆಯ ದಿನ. ಪುರುಷರ 1500 ಮೀಟರ್ ಫ್ರೀಸ್ಟೈಲ್ ಫೈನಲ್‌ನಲ್ಲಿ ಟ್ಯುನೀಷಿಯಾದ ಅಹಮದ್ ಹಫ್ನಾವಿ ಗೋಡೆ ಮುಟ್ಟಿದಾಗ ಗಡಿಯಾರ 14 ನಿಮಿಷ 31.54 ಸೆಕೆಂಡು ತೋರಿಸಿತು. ಅಮೆರಿಕದ ಬಾಬಿ ಫಿಂಕ್ ಮುಟ್ಟಿದ್ದು 14 ನಿಮಿಷ 31.59ಕ್ಕೆ. ಒಂದೂವರೆ ಕಿಲೋಮೀಟರ್ ಈಜಿದ ಮೇಲೆ ಇಬ್ಬರ ನಡುವೆ ಉಳಿದದ್ದು ಸೆಕೆಂಡಿನ ನೂರರಲ್ಲಿ ಐದು ಪಾಲು. ಅವರ ಸರಾಸರಿ ವೇಗದಲ್ಲಿ ಲೆಕ್ಕ ಹಾಕಿದರೆ ಅದು ಒಂಬತ್ತು ಸೆಂಟಿಮೀಟರಿಗೂ ಕಡಿಮೆ. ನಿಮ್ಮ ಅಂಗೈಯ ಅಗಲ ಅಳೆದು ನೋಡಿ, ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ.

ಈ ಸ್ಪರ್ಧೆ ನೋಡಲು ಬೇಸರ ಎನ್ನುವವರೇ ಹೆಚ್ಚು. ಎಂಟು ಜನ ಕಾಲುಗಂಟೆ ಹೊತ್ತು ಹೋಗುತ್ತಾರೆ, ಬರುತ್ತಾರೆ, ಅದರಲ್ಲೇನಿದೆ ಎಂದು ಕೇಳುತ್ತಾರೆ. ನನಗೆ ಮಾತ್ರ ಈಜುಕೊಳದಲ್ಲಿ ಇದಕ್ಕಿಂತ ರೋಚಕವಾದದ್ದು ಇಲ್ಲ. ನೀರಿನ ಸ್ವಭಾವ ಇಷ್ಟು ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ.

ಎದೆಮಟ್ಟದ ನೀರಿನಲ್ಲಿ ಮೆಲ್ಲಗೆ ನಡೆದರೆ ಏನೂ ಅನ್ನಿಸುವುದಿಲ್ಲ. ಓಡಲು ಹೋಗಿ, ಯಾರೋ ಎದೆಗೆ ಕೈಕೊಟ್ಟು ಹಿಂದಕ್ಕೆ ತಳ್ಳಿದಂತಾಗುತ್ತದೆ. ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು ಎಂಟುನೂರು ಪಟ್ಟು ಹೆಚ್ಚು. ಅದಕ್ಕಿಂತ ಮುಖ್ಯವಾದದ್ದು, ವೇಗ ಹೆಚ್ಚಿದಂತೆ ತಡೆ ಏರುವ ರೀತಿ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಎರಡು ಪಟ್ಟು ವೇಗದಲ್ಲಿ ಸೀಳಬೇಕಾದ್ದರಿಂದ ಪ್ರತಿ ಸೆಕೆಂಡಿಗೆ ಸುರಿಯಬೇಕಾದ ಶಕ್ತಿ ಎಂಟು ಪಟ್ಟು.

ಇದೇ ಲೆಕ್ಕವನ್ನು ಸ್ಪರ್ಧೆಗೆ ಹಚ್ಚೋಣ. ಒಬ್ಬ ಈಜುಗಾರ ಅರ್ಧ ದೂರವನ್ನು ತನ್ನ ಸರಾಸರಿಗಿಂತ ಶೇಕಡಾ 5ರಷ್ಟು ಜೋರಾಗಿ, ಉಳಿದರ್ಧವನ್ನು ಶೇಕಡಾ 5ರಷ್ಟು ನಿಧಾನವಾಗಿ ಈಜಿದ ಎನ್ನಿ. ಗಳಿಸಿದ್ದು ಕಳೆದದ್ದು ಸರಿಹೋಗಬೇಕಲ್ಲ? ಹೋಗುವುದಿಲ್ಲ. ಒಂದೇ ಸಮನಾಗಿ ಈಜಿದ್ದರೆ ಆಗುತ್ತಿದ್ದುದಕ್ಕಿಂತ ಎರಡು ಸೆಕೆಂಡು ತಡವಾಗಿ ಮುಟ್ಟುತ್ತಾನೆ, ಖರ್ಚಾದ ಶಕ್ತಿಯೂ ಹೆಚ್ಚು. ಒಂದು ಅಂಗೈ ಅಗಲದಲ್ಲಿ ಚಿನ್ನ ತಪ್ಪುವ ಕಡೆ ಎರಡು ಸೆಕೆಂಡು ಎಂದರೆ ಮೂರು ಮೀಟರಿಗೂ ಮಿಗಿಲು. ಅದಕ್ಕೇ ಫುಕುವೋಕದ ಮೊದಲಿಬ್ಬರೂ ಪ್ರತಿ 50 ಮೀಟರನ್ನು ಸರಾಸರಿ 29 ಸೆಕೆಂಡಿನಲ್ಲಿ, ಮೂವತ್ತು ಸಲ, ಮಗ್ಗದ ಲಾಳಿಯ ಹಾಗೆ ಈಜಿದ್ದು. ನೋಡುವವರಿಗೆ ಬೇಸರ ತರಿಸುವ ಆ ಏಕತಾನತೆಯೇ ಅವರ ಕಸುಬುಗಾರಿಕೆ.

ಕಾಲುಗಳನ್ನು ಗಮನಿಸಿ. ನೂರು ಮೀಟರ್ ಸ್ಪರ್ಧೆಯಲ್ಲಿ ಕಾಲ ಹಿಂದೆ ನೀರು ಕುದಿಯುತ್ತಿರುತ್ತದೆ. ಎರಡೂ ಕೈ ಒಂದೊಂದು ಸುತ್ತು ಬರುವಷ್ಟರಲ್ಲಿ ಆರು ಒದೆತ. ದೂರದ ಈಜಿನಲ್ಲಿ ಅನೇಕರು ಅದನ್ನು ಎರಡಕ್ಕೆ ಇಳಿಸುತ್ತಾರೆ. ತೊಡೆಯ ಸ್ನಾಯುಗಳು ದೇಹದಲ್ಲೇ ದೊಡ್ಡವು, ಆಮ್ಲಜನಕವನ್ನು ಕುಡಿದುಬಿಡುತ್ತವೆ. ಫ್ರೀಸ್ಟೈಲ್‌ನಲ್ಲಿ ದೇಹವನ್ನು ಮುಂದಕ್ಕೆ ಎಳೆಯುವುದು ಬಹುಪಾಲು ಕೈಗಳೇ. ಸೊಂಟ ಮುಳುಗದಂತೆ ದೇಹವನ್ನು ಅಡ್ಡಲಾಗಿ ತೇಲಿಸುವಷ್ಟು ಒದ್ದರೆ ಸಾಕು.

ಇನ್ನು ಗೋಡೆ. 50 ಮೀಟರ್ ಕೊಳದಲ್ಲಿ 1500 ಮೀಟರಿಗೆ 29 ತಿರುವು. ಗೋಡೆಗೆ ಪಾದ ಕೊಟ್ಟು ಜಿಗಿದ ಕ್ಷಣದ ವೇಗ ಕೈಯಿಂದ ಎಂದೂ ಬರುವಂಥದ್ದಲ್ಲ. 25 ಮೀಟರ್ ಕೊಳದಲ್ಲಿ ಅದೇ ದೂರಕ್ಕೆ 59 ತಿರುವು ಸಿಗುತ್ತವೆ. ಜರ್ಮನಿಯ ಫ್ಲೋರಿಯನ್ ವೆಲ್‌ಬ್ರಾಕ್ 2021ರಲ್ಲಿ ಅಬುಧಾಬಿಯ ಅಂಥ ಕೊಳದಲ್ಲಿ 14 ನಿಮಿಷ 6.88 ಸೆಕೆಂಡಿನಲ್ಲಿ ಮುಗಿಸಿದ. ದೊಡ್ಡ ಕೊಳದಲ್ಲಿ ಯಾರೂ ಅದರ ಹತ್ತಿರ ಸುಳಿದಿಲ್ಲ. ಆದರೆ ತಿರುವು ಪುಕ್ಕಟೆ ಬರುವುದಿಲ್ಲ. ಉಸಿರಿಗಾಗಿ ಎದೆ ಬಡಿದುಕೊಳ್ಳುತ್ತಿರುವಾಗಲೇ ತಲೆ ಕೆಳಗೆ ಹಾಕಿ, ಉಸಿರು ಕಟ್ಟಿ, ನೀರಿನಡಿ ಜಾರಬೇಕು. ಒಮ್ಮೆಯಲ್ಲ, 29 ಸಲ.

ಮುಂದಿರುವ ಈಜುಗಾರನಿಗೆ ಇನ್ನೆರಡು ಉದ್ದ ಉಳಿದಿರುವಾಗ ಗಂಟೆ ಬಾರಿಸುತ್ತಾರೆ. ಅಲ್ಲಿಂದಾಚೆಗೆ ಲೆಕ್ಕಾಚಾರ ಬದಲಾಗುತ್ತದೆ. ಅಷ್ಟು ಹೊತ್ತು ಆಮ್ಲಜನಕ ಬಳಸಿಯೇ ಹೆಚ್ಚಿನ ಶಕ್ತಿ ಪಡೆಯುತ್ತಿದ್ದ ಸ್ನಾಯುಗಳು ಈಗ ಅದಿಲ್ಲದೆಯೂ ಗ್ಲೂಕೋಸ್ ಒಡೆದು ಶಕ್ತಿ ಸುರಿಯಲು ಶುರುಮಾಡುತ್ತವೆ. ಈ ದಾರಿಯಲ್ಲಿ ಶಕ್ತಿ ಬೇಗ ಸಿಗುತ್ತದೆ, ಬೇಗ ತೀರುತ್ತದೆ. ಸ್ನಾಯು ಹುಳಿಯೇರಿ ಕೈ ಕಬ್ಬಿಣವಾಗುತ್ತದೆ. ಮೊದಲೇ ದುಂದು ಮಾಡಿದವನಲ್ಲಿ ಆ ಗಂಟು ಉಳಿದಿರುವುದಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೊನೆಯ ತಿರುವಿನ ಹೊತ್ತಿಗೆ ಫಿಂಕ್ ಮೂರನೆಯವನಾಗಿದ್ದ. ಕಡೆಯ 50 ಮೀಟರನ್ನು 25.78 ಸೆಕೆಂಡಿನಲ್ಲಿ ಈಜಿ ಮೊದಲನೆಯವನಾದ. ಅವನ ಆ ದಿನದ ಸರಾಸರಿಗೆ ಹೋಲಿಸಿದರೆ ವೇಗ ಹೆಚ್ಚಿದ್ದು ಶೇಕಡಾ 14ರಷ್ಟು ಮಾತ್ರ. ಅದಕ್ಕೆ ಬೇಕಾದ ಶಕ್ತಿಯೋ, ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟಾಗುವ ಮೇಲಿನ ಲೆಕ್ಕದಲ್ಲಿ ಸುಮಾರು ಒಂದೂವರೆ ಪಟ್ಟು! ಹದಿನಾಲ್ಕು ನಿಮಿಷ ಈಜಿ ದಣಿದ ದೇಹದಿಂದ.

ಹಾಗಾದರೆ ಕೊನೆಯ ಓಟಕ್ಕಾಗಿ ಕೂಡಿಡುವುದೇ ಗೆಲುವಿನ ಗುಟ್ಟೇ? ನಾನೂ ಹಾಗೇ ನಂಬಿದ್ದೆ. ಫುಕುವೋಕದಲ್ಲಿ ಅದೇ ಫಿಂಕ್ ಅಂಗೈ ಅಂತರದಲ್ಲಿ ಸೋತ. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಆಗಸ್ಟ್ 4ರಂದು, ಯಾರೂ ನಿರೀಕ್ಷಿಸದಂತೆ ಮೊದಲಿನಿಂದಲೇ ಮುಂದಿದ್ದ. ಎದುರಿಗಿದ್ದದ್ದು ಚೀನಾದ ಸುನ್ ಯಾಂಗ್ 2012ರಲ್ಲಿ ಲಂಡನ್ನಿನಲ್ಲಿ ಬರೆದ 14 ನಿಮಿಷ 31.02 ಸೆಕೆಂಡಿನ ವಿಶ್ವ ದಾಖಲೆ. ಸುನ್ ಅಂದು ಕಡೆಯ ನೂರು ಮೀಟರನ್ನು 54 ಸೆಕೆಂಡಿನೊಳಗೆ ಈಜಿದ್ದ. ಆ ಕೊನೆಯ ಓಟಕ್ಕೆ ಸಾಟಿಯಾಗಬೇಕಾದರೆ ಮುಂಚೆಯೇ ಒಂದಿಷ್ಟು ಸಮಯ ಗಳಿಸಿಟ್ಟಿರಬೇಕು, ಆಮೇಲೆ ಅದನ್ನು ಕಳೆದುಕೊಳ್ಳಬಾರದು. ಫಿಂಕ್ ಎಲ್ಲರಿಗಿಂತ ಮುಂದೆ ಒಬ್ಬನೇ ಈಜುತ್ತ ಹೋದ. ಗಡಿಯಾರ 14 ನಿಮಿಷ 30.67ಕ್ಕೆ ನಿಂತಿತು. ಹನ್ನೆರಡು ವರ್ಷದ ದಾಖಲೆ ಸೆಕೆಂಡಿನ ಮೂರನೇ ಒಂದರಷ್ಟು ಸರಿದಿತ್ತು.